ಪದಕದ ಅಂಚನ್ನು ಮೊದಲು ಓದು

ಚಿ. ಮಂಜುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಮಾವನವರ ಮನೆಯಲ್ಲಿ ಸಿಕ್ಕ ಪದಕದ ಫೋಟೊ ನೋಡಿದೆ. ಒಂದು ಮಗ್ಗುಲಲ್ಲಿ ಐದನೇ ಜಾರ್ಜ್ ದೊರೆ, ಇನ್ನೊಂದರಲ್ಲಿ ಬೆತ್ತಲೆ ಕುದುರೆಸವಾರ, 1914, 1918. ಅದು ಬ್ರಿಟಿಷ್ ವಾರ್ ಮೆಡಲ್. ಮೊದಲ ಮಹಾಯುದ್ಧಕ್ಕೆ ಹೋದ ಲಕ್ಷಾಂತರ ಜನರಿಗೆ ಕೊಟ್ಟದ್ದು, ಶೌರ್ಯಪದಕವಲ್ಲ. ಮಾವನವರಿಗೆ ಇದನ್ನು ಮೆಲ್ಲಗೆ ಹೇಳು.

ವಿಭೂತಿ ಹಚ್ಚಿ ತಿಕ್ಕಬೇಡ. ಬೇಕಾದ್ದೆಲ್ಲ ಇರುವುದು ಅಂಚಿನ ಮೇಲೆ: ನಂಬರು, ಹುದ್ದೆ, ಹೆಸರು, ಪಡೆ. ತಿಕ್ಕಿದಷ್ಟೂ ಅಕ್ಷರ ಸವೆಯುತ್ತದೆ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದು, ಪದಕವನ್ನು ತುಸುತುಸು ತಿರುಗಿಸುತ್ತ ಫೋಟೊ ತೆಗೆ. ಲೋಹವನ್ನೂ ನೋಡು. ಸಿಪಾಯಿಗಳಿಗೆ ಬೆಳ್ಳಿಯದು, ಕೂಲಿ ದಳದವರಿಗೆ ಕಂಚಿನದು.

ಪಡೆ ಮೈಸೂರು ಲ್ಯಾನ್ಸರ್ಸ್ (ಮೈಸೂರು ಸಂಸ್ಥಾನದ ಕುದುರೆ ಪಡೆ) ಎಂದಿದ್ದರೂ ‘ಹೈಫಾದ ವೀರ’ ಎಂದು ಬರೆದುಬಿಡಬೇಡ. ಹೈಫಾ ಈಗಿನ ಇಸ್ರೇಲಿನ ಬಂದರು ಊರು, ಆಗ ತುರ್ಕರ ಕೈಯಲ್ಲಿತ್ತು. 1918ರ ಸೆಪ್ಟೆಂಬರ್ 23ರಂದು ಜೋಧಪುರ ಸಂಸ್ಥಾನದ ಕುದುರೆ ಪಡೆಯವರು ಊರಿನತ್ತ ನುಗ್ಗಿದರೆ, ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿನ ಫಿರಂಗಿಗಳನ್ನು ಹಿಡಿಯಿತು. ಆ ದಿನ ಈ ಎರಡೂ ಪಡೆಗಳಿದ್ದ ಬ್ರಿಗೇಡಿನಲ್ಲಿ ಸತ್ತವರು 8 ಜನ, ಕುದುರೆಗಳು 60. ಸಿರಿಯಾದ ಅಲೆಪ್ಪೊ ಬಳಿಯ ಹರಿತಾನ್‌ನಲ್ಲಿ ಅಕ್ಟೋಬರ್ 26ರಂದು ಆದ ನಷ್ಟ ಅದಕ್ಕಿಂತ ಹೆಚ್ಚು. ತುರ್ಕಿಯೊಂದಿಗೆ ಕದನವಿರಾಮ ಜಾರಿಯಾಗಲು ಐದೇ ದಿನ ಉಳಿದಿತ್ತು. ಅದನ್ನು ನೆನೆಯುವವರು ಕಡಿಮೆ. ಆ ಶರತ್ಕಾಲದಲ್ಲಿ ಮಲೇರಿಯಾ, ಇನ್‌ಫ್ಲುಯೆಂಜಾ ತೆಗೆದುಕೊಂಡ ಜೀವಗಳೂ ಬಹಳ. ಆದ್ದರಿಂದ ಸತ್ತ ತಾರೀಖು ಸಿಗುವವರೆಗೆ ಯಾವ ಯುದ್ಧದ ಹೆಸರನ್ನೂ ಸೇರಿಸಬೇಡ.

ಸತ್ತವರ ಪಟ್ಟಿ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿದೆ, ಬಿಟ್ಟಿ. ಹೆಸರಿನಿಂದ ಹುಡುಕಿದರೆ ದಾರಿ ತಪ್ಪುತ್ತೀಯೆ. ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದದ್ದು. ಒಂದೇ ಹೆಸರಿಗೆ ನಾಲ್ಕು ಕಾಗುಣಿತ. ಹೆಸರಿನ ಜಾಗ ಖಾಲಿ ಬಿಟ್ಟು ಪಡೆ, ಇಸವಿ ಮಾತ್ರ ತುಂಬು. ಬಂದ ಪಟ್ಟಿಯಲ್ಲಿ ನಂಬರು ತಾಳೆ ಹಾಕು. ದಹನವಾದವರಿಗೆ ಸಮಾಧಿ ಇರುವುದಿಲ್ಲ. ಈಜಿಪ್ಟ್, ಪ್ಯಾಲೆಸ್ಟೈನಿನಲ್ಲಿ ತೀರಿಕೊಂಡು ಸಮಾಧಿಯಿಲ್ಲದ ಭಾರತೀಯರ ಹೆಸರುಗಳು ಕೈರೋದ ಹೆಲಿಯೊಪೊಲಿಸ್ ಸ್ಮಾರಕದಲ್ಲಿವೆ. ಮೊದಲಿನ ಸ್ಮಾರಕ ಸೂಯೆಜ್ ಕಾಲುವೆಯ ತುದಿಯ ಪೋರ್ಟ್ ತೌಫೀಕ್‌ನಲ್ಲಿತ್ತು, ಇಸ್ರೇಲ್-ಈಜಿಪ್ಟ್ ಕಾಳಗದಲ್ಲಿ ಹಾಳಾಯಿತು.

ಆಯೋಗದ ಪಟ್ಟಿಯಲ್ಲಿ ಸಿಗಲಿಲ್ಲವೆಂದರೆ ಪದಕ ಪಡೆದಾತ ಬದುಕಿ ಬಂದಿರಬಹುದು. ಆ ಯುದ್ಧದ ಪಟ್ಟಿ 1921ರ ಆಗಸ್ಟ್ 31ಕ್ಕೆ ನಿಲ್ಲುತ್ತದೆ. ಆಗ ಮನೆಯಲ್ಲಿ ಪಿಂಚಣಿ, ಜಮೀನಿನ ಕಾಗದ ಹುಡುಕು. ಮೈಸೂರು ಸರ್ಕಾರದ ಹಳೆಯ ಕಡತಗಳು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿವೆ. ಹೋಗುವಾಗ ಬರೀ ಹೆಸರಲ್ಲ, ನಂಬರನ್ನೂ ಬರೆದುಕೊಂಡು ಹೋಗು.

ಇತಿ,
ನಿನ್ನ ದೊಡ್ಡಪ್ಪ