ನಿನ್ನ ಠಕಾರದ ಚುಕ್ಕಿ ಕಾಣಿಸುತ್ತಿಲ್ಲ

ಪ್ರಿಯ ಕಥೆಗಾರ,

ನಿನ್ನ ಪತ್ರ ಬಂತು. ಆರು ಪುಟ. ಅದರಲ್ಲಿ ಕಥೆಯ ಬಗ್ಗೆ ಒಂದೂವರೆ ಪುಟ, ಮಿಕ್ಕಿದ್ದೆಲ್ಲ ಫೌಂಟನ್ ಪೆನ್ನಿನ ಬಗ್ಗೆ. ಪೈಲಟ್ ತಗೊಳ್ಳಲೋ, ಲ್ಯಾಮಿ ತಗೊಳ್ಳಲೋ, ಇಲ್ಲ ದುಡ್ಡು ಕೂಡಿಟ್ಟು ಒಂದೇ ಸಲಕ್ಕೆ ಮಾಂಟ್‌ಬ್ಲಾಂಕಿಗೆ ಕೈ ಹಾಕಲೋ ಎಂದು ಕೇಳಿದ್ದೀಯ. ಕಥೆ ಮುಂದುವರಿಸುವ ಮೊದಲು ‘ಸರಿಯಾದ ಪೆನ್ನು’ ಕೈಯಲ್ಲಿರಬೇಕಂತೆ. ಓದಿ ನಗು ಬಂತು. ಆಮೇಲೆ ನನ್ನ ಮೇಜಿನ ಖಾನೆ ಎಳೆದು ನೋಡಿದೆ, ನಗು ನಿಂತುಹೋಯಿತು. ಅಲ್ಲಿ ಹತ್ತೊಂಬತ್ತು ಪೆನ್ನುಗಳಿವೆ. ನಿನಗೆ ಬುದ್ಧಿ ಹೇಳುವ ನೈತಿಕ ಹಕ್ಕು ನನಗಿಲ್ಲ. ಹತ್ತೊಂಬತ್ತು ಪೆನ್ನು ಬಳಸಿ ಕಲಿತದ್ದನ್ನು ಹೇಳಬಹುದು, ಅಷ್ಟೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾದೆ ಸರಿಯೇ. ಆದರೆ ಕೆಲವು ಸಲ ನೆಲವೂ ಡೊಂಕಾಗಿರುತ್ತದೆ. ಅದಕ್ಕೇ ನಿನ್ನ ಪತ್ರವನ್ನು ಎರಡು ಸಲ ಓದಿದೆ, ಒಮ್ಮೆ ವಿಷಯಕ್ಕಾಗಿ, ಇನ್ನೊಮ್ಮೆ ಬರೀ ಶಾಯಿಗಾಗಿ. ಎರಡನೇ ಓದಿನಲ್ಲಿ ಮೂರು ಸಂಗತಿ ಕಣ್ಣಿಗೆ ಬಿದ್ದವು. ಒಂದು, ನಿನ್ನ ‘ಠ’ದೊಳಗಿನ ಚುಕ್ಕಿ ಎಲ್ಲೂ ಕಾಣಿಸುತ್ತಿಲ್ಲ, ಹೊಟ್ಟೆ ಪೂರ್ತಿ ಶಾಯಿಯಿಂದ ತುಂಬಿಹೋಗಿದೆ. ಎರಡು, ಪ್ರತಿ ಪ್ಯಾರಾದ ಮೊದಲ ಅಕ್ಷರಕ್ಕೆ ತಲೆಕಟ್ಟೇ ಇಲ್ಲ. ಮೂರು, ಹಾಳೆಯ ಹಿಂಬದಿಯಲ್ಲಿ ಬೆರಳಾಡಿಸಿದರೆ ಅಕ್ಷರಗಳು ಉಬ್ಬಿ ಕೈಗೆ ಸಿಗುತ್ತವೆ. ಯಾವ ಬ್ರ್ಯಾಂಡು ಎಂಬ ನಿನ್ನ ಪ್ರಶ್ನೆಗೆ ಉತ್ತರ ಈ ಮೂರರಲ್ಲೇ ಇದೆ.

ಚುಕ್ಕಿಯ ವಿಷಯ ಮೊದಲು. ನಿನ್ನ ನಿಬ್ ನಮ್ಮ ಲಿಪಿಗೆ ದಪ್ಪವಾಯಿತು. ‘ಶಾಸ್ತ್ರ’, ‘ರಾಷ್ಟ್ರ’, ‘ವೈಶಿಷ್ಟ್ಯ’ ಇಂಥ ಪದಗಳಲ್ಲಿ ಒತ್ತಿನ ಕೆಳಗೆ ಒತ್ತು ಕೂರಬೇಕು, ಅದೂ ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯದೆ. ಅಗಲ ಗೆರೆಯ ನಿಬ್ಬಿಗೆ ಅಲ್ಲಿ ಜಾಗವೇ ಇಲ್ಲ. ನಿಬ್ಬಿನ ಮೇಲೆ ‘ಎಫ್’ (ಫೈನ್, ಅಂದರೆ ತೆಳು ಗೆರೆ) ಎಂದಿತ್ತಲ್ಲ ಎಂದು ನೀನು ವಾದಿಸಬಹುದು. ಎಫ್ ಎನ್ನುವುದು ಎಲ್ಲ ಮನೆಯಲ್ಲೂ ಒಂದೇ ಅಳತೆಯಲ್ಲ. ಜಪಾನಿನ ಎಫ್ ಸಾಮಾನ್ಯವಾಗಿ ಜರ್ಮನಿಯ ಎಫ್‌ಗಿಂತ ಒಂದು ಮೆಟ್ಟಿಲು ಸಣ್ಣ. ಜಪಾನೀಯರು ಒಂದು ಪುಟ್ಟ ಚೌಕದೊಳಗೆ ಹತ್ತಿಪ್ಪತ್ತು ಗೆರೆಗಳ ಕಾಂಜಿ ಅಕ್ಷರ ಬರೆಯಬೇಕು. ಅವರ ಲಿಪಿಯೇ ನಿಬ್ಬನ್ನು ತೆಳ್ಳಗೆ ಮಾಡಿಸಿತು. ಒತ್ತಕ್ಷರದವರಾದ ನಮಗೆ ಅದರ ಲಾಭ ಪುಕ್ಕಟೆಯಾಗಿ ಸಿಕ್ಕಿದೆ.

ಜಪಾನಿನಲ್ಲಿ ಪೆನ್ನು ಮಾಡುವ ಮೂರು ಹಳೆಯ ಮನೆತನಗಳಿವೆ: 1911ರ ಸೇಲರ್, 1918ರ ಪೈಲಟ್, 1919ರ ಪ್ಲಾಟಿನಂ. ಪೆನ್ನಿನ ಹುಚ್ಚಿನವರು ಈ ಮೂರರ ನಡುವೆ ಪಂಗಡ ಕಟ್ಟಿಕೊಂಡು ಜಗಳವಾಡುತ್ತಾರೆ, ಆ ಜಗಳ ಅರ್ಥವಿಲ್ಲದ್ದಲ್ಲ. ಪೈಲಟ್ ಇಷ್ಟಪಡುವವರಿಗೆ ಬೇಕಾದದ್ದು ನಂಬಿಕೆ. ಡಬ್ಬಿಯಿಂದ ತೆಗೆದು ಶಾಯಿ ತುಂಬಿದ ಕ್ಷಣದಿಂದ ತಕರಾರಿಲ್ಲದೆ ಬರೆಯುತ್ತದೆ, ಪೆನ್ನು ಕೈಯಲ್ಲಿದೆ ಎನ್ನುವುದೇ ಮರೆತುಹೋಗುತ್ತದೆ. ಸೇಲರ್ ಪ್ರಿಯರಿಗೆ ಇದೇ ಸಪ್ಪೆ. ಅವರಿಗೆ ಕಾಗದದ ಮೈ ಬೆರಳಿಗೆ ತಿಳಿಯಬೇಕು. ಸೇಲರ್ ನಿಬ್ ಚೆನ್ನಾಗಿ ಚೂಪು ಮಾಡಿದ ಪೆನ್ಸಿಲ್‌ನ ಹಾಗೆ ಸಣ್ಣಗೆ ಸದ್ದು ಮಾಡುತ್ತದೆ, ಅದಕ್ಕೆ ಅವರು ‘ಫೀಡ್‌ಬ್ಯಾಕ್’ ಅನ್ನುತ್ತಾರೆ. ನಾನು ಈ ಪಂಗಡದವನು. ನುಣುಪಾದ ನಿಬ್ಬಿನಲ್ಲಿ ನನ್ನ ಕೈ ಯೋಚನೆಗಿಂತ ಮುಂದೆ ಓಡಿಬಿಡುತ್ತದೆ, ವಾಕ್ಯ ಸಡಿಲವಾಗುತ್ತದೆ. ಸೇಲರ್ ಕೈಯನ್ನು ಒಂದಿಷ್ಟು ಹಿಡಿದಿಡುತ್ತದೆ. ಇದು ನನ್ನ ಭ್ರಮೆಯೇ ಇರಬಹುದು, ಆದರೆ ಆ ಭ್ರಮೆಯಲ್ಲಿ ಎರಡು ಪುಸ್ತಕ ಮುಗಿಸಿದ್ದೇನೆ.

ಪ್ಲಾಟಿನಂ ಮೆಚ್ಚುವವರ ಕಾರಣ ಬೇರೆ, ಅದು ನಿನ್ನ ಎರಡನೇ ಸಮಸ್ಯೆಗೆ ಸೇರಿದ್ದು.

ನಿನ್ನ ಪ್ಯಾರಾಗಳ ತಲೆಕಟ್ಟು ಯಾಕೆ ಕಾಣೆಯಾಗುತ್ತದೆ ಗೊತ್ತೇ? ನೀನು ಒಂದು ಪ್ಯಾರಾ ಮುಗಿಸಿ, ಕ್ಯಾಪ್ ಹಾಕದೆ ಪೆನ್ನನ್ನು ಗಾಳಿಯಲ್ಲೇ ಹಿಡಿದು ಯೋಚಿಸುತ್ತೀಯ. ಅಷ್ಟರಲ್ಲಿ ನಿಬ್ಬಿನ ತುದಿಯ ಶಾಯಿ ಒಣಗುತ್ತದೆ. ಫೌಂಟನ್ ಪೆನ್ನಿನಲ್ಲಿ ಶಾಯಿಯನ್ನು ತಳ್ಳುವ ಯಂತ್ರ ಯಾವುದೂ ಇಲ್ಲ. ಬತ್ತಿ ಎಣ್ಣೆಯನ್ನು ಎಳೆಯುವಂತೆ ನಿಬ್ಬಿನ ಸೀಳು ಶಾಯಿಯನ್ನು ಎಳೆಯುತ್ತದೆ, ಹೊರಗೆ ಹೋದಷ್ಟು ಶಾಯಿಗೆ ಅಷ್ಟು ಗಾಳಿ ಒಳಗೆ ಬರುತ್ತದೆ. ಈ ಕೊಡು-ಕೊಳ್ಳುವಿಕೆಯನ್ನು ಹದಕ್ಕೆ ತರುವುದು ನಿಬ್ಬಿನ ಕೆಳಗಿರುವ ಫೀಡ್. 1884ರಲ್ಲಿ ಅಮೆರಿಕದ ವಿಮಾ ಏಜೆಂಟ್ ಲೂಯಿಸ್ ವಾಟರ್‌ಮನ್ ಪೇಟೆಂಟ್ ಪಡೆದದ್ದು ಇದನ್ನು ಸರಿಪಡಿಸಿದ್ದಕ್ಕೇ. ವಿಮಾ ಒಪ್ಪಂದದ ಮೇಲೆ ಶಾಯಿ ಚೆಲ್ಲಿ ಗಿರಾಕಿ ಕೈತಪ್ಪಿದ್ದರಿಂದ ಆತ ಪೆನ್ನು ಕಂಡುಹಿಡಿದ ಎಂಬ ಕಥೆ ಕೇಳಿರುತ್ತೀಯ. ಅದು ಜಾಹೀರಾತಿನವರು ಬೆಳೆಸಿದ ಕಥೆ. ಕಥೆಗಾರನಾಗಿ ನೀನು ಅದರ ಕಟ್ಟಡವನ್ನು ಮೆಚ್ಚಬಹುದು, ನಂಬಬೇಡ.

ಹೀಗೆ ತುದಿ ಒಣಗುವುದರ ವಿರುದ್ಧ ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಉಪಾಯ ಹೂಡಿವೆ. ಪಾರ್ಕರ್ 1941ರಲ್ಲಿ ಮಾರುಕಟ್ಟೆಗೆ ತಂದ ‘51’ರಲ್ಲಿ ನಿಬ್ಬನ್ನೇ ಮುಸುಕಿನೊಳಗೆ ಅಡಗಿಸಿತು, ತುದಿಯಷ್ಟೇ ಹೊರಗೆ ಇಣುಕುತ್ತದೆ. 1888ರ ಕಂಪನಿಗೆ 51 ತುಂಬಿದ ವರ್ಷ ಸಿದ್ಧವಾದ ಪೆನ್ನಾದ್ದರಿಂದ ಆ ಹೆಸರು. ಯೋಚಿಸುತ್ತ ಕೂರುವ ನನ್ನಂಥವರು ಇಂದಿಗೂ ಹಳೆಯ ‘51’ನ್ನು ಹುಡುಕಿ ಕೊಳ್ಳುವುದು ಮೋಹದಿಂದ ಮಾತ್ರವಲ್ಲ, ಅದು ಕಾಯುತ್ತದೆ ಎಂದು. ಪೈಲಟ್ 1963ರಲ್ಲಿ ಕ್ಯಾಪನ್ನೇ ಕಿತ್ತುಹಾಕಿ ‘ಕ್ಯಾಪ್‌ಲೆಸ್’ ಮಾಡಿತು. ಹಿಂದಿನ ಗುಂಡಿ ಒತ್ತಿದರೆ ನಿಬ್ ಹೊರಗೆ, ಮತ್ತೆ ಒತ್ತಿದರೆ ಒಳಗೆ. ಅರ್ಧ ವಾಕ್ಯ ಬರೆದು ಎದ್ದು ಹೋಗುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಕ್ಲಿಪ್ ಸರಿಯಾಗಿ ಬೆರಳು ಕೂರುವ ಜಾಗದಲ್ಲೇ ಇದೆ. ಕೆಲವರಿಗೆ ಅದು ದಾರಿ ತೋರಿಸುತ್ತದೆ, ಕೆಲವರಿಗೆ ಕಾಲಿಗೆ ಸಿಕ್ಕ ಮುಳ್ಳು. ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬೇಡ.

ಪ್ಲಾಟಿನಂ ಮಾಡಿದ್ದು ಇನ್ನೂ ಸರಳ. ಕ್ಯಾಪಿನೊಳಗೆ ಸ್ಪ್ರಿಂಗ್ ಇರುವ ಇನ್ನೊಂದು ಪುಟ್ಟ ಕ್ಯಾಪ್ ಇಟ್ಟು ನಿಬ್ಬನ್ನು ಗಾಳಿ ಆಡದಂತೆ ಮುಚ್ಚಿಬಿಟ್ಟಿತು. 2011ರ ‘3776 ಸೆಂಚುರಿ’ಯಲ್ಲಿ ಇದು ಬಂತು. ಎರಡು ವರ್ಷ ಮುಟ್ಟದಿದ್ದರೂ ಶಾಯಿ ಒಣಗದು ಎನ್ನುತ್ತದೆ ಕಂಪನಿ. ನಾನು ಅಷ್ಟು ಪರೀಕ್ಷಿಸಿಲ್ಲ, ಆದರೆ ಏಳು ತಿಂಗಳು ಪುಸ್ತಕಗಳ ಹಿಂದೆ ಬಿದ್ದುಕೊಂಡಿದ್ದ ಒಂದು ಪೆನ್ನು ಸಿಕ್ಕಿದ ದಿನವೇ ಬರೆಯಿತು. ಕಂಪನಿಯ ತೀರ ಅಗ್ಗದ ‘ಪ್ರೆಪ್ಪಿ’ಯಲ್ಲೂ ಇದೇ ಏರ್ಪಾಡಿದೆ ಎನ್ನುವುದು ನನಗೆ ಹಿಡಿಸಿದ ಸಂಗತಿ. ಅಂದ ಹಾಗೆ 3776 ಎಂದರೆ ಫ್ಯೂಜಿ ಪರ್ವತದ ಎತ್ತರ, ಮೀಟರುಗಳಲ್ಲಿ. ಮಾಂಟ್‌ಬ್ಲಾಂಕ್ ಮೈಸ್ಟರ್‌ಸ್ಟುಕ್‌ನ ನಿಬ್ಬಿನ ಮೇಲೆ 4810 ಎಂದು ಕೊರೆದಿರುತ್ತಾರೆ, ಅದೂ ಅದೇ ಹೆಸರಿನ ಪರ್ವತದ ಎತ್ತರವೇ. ಕಾಗದದಿಂದ ಎರಡು ಇಂಚು ಮೇಲೇಳದ ವಸ್ತುವಿಗೆ ಪರ್ವತಗಳ ಮೇಲೆ ಇಷ್ಟೊಂದು ಆಸೆ ಯಾಕೋ!

ಕ್ಯಾಪ್ ಹಾಕಿಟ್ಟಿದ್ದರೂ ತಲೆಕಟ್ಟು ಬಾರದಿದ್ದರೆ ತಪ್ಪು ನಿಬ್ಬಿನದು. ತುದಿಯನ್ನು ಅತಿಯಾಗಿ ಉಜ್ಜಿ ನುಣುಪು ಮಾಡಿದಾಗ ಸೀಳಿನ ಒಳ ಅಂಚುಗಳು ದುಂಡಾಗಿ, ಶಾಯಿ ಕಾಗದವನ್ನು ಮುಟ್ಟುವುದೇ ಇಲ್ಲ. ಪೆನ್ನಿನವರು ಇದಕ್ಕೆ ‘ಬೇಬೀಸ್ ಬಾಟಮ್’ ಎನ್ನುತ್ತಾರೆ. ಕನ್ನಡಕ್ಕೆ ತರುವ ಕೆಲಸ ನಿನಗೆ ಬಿಟ್ಟಿದ್ದೇನೆ.

ಇನ್ನು ಮೂರನೆಯದು, ನಿನ್ನ ಒತ್ತಡ. ಬಾಲ್‌ಪೆನ್ನಿನಲ್ಲಿ ಕಲಿತ ಕೈ ನಿನ್ನದು. ಅಲ್ಲಿ ಗುಂಡು ಉರುಳಬೇಕಾದರೆ ಒತ್ತಲೇಬೇಕು. ಇಲ್ಲಿ ಪೆನ್ನಿನ ಭಾರವೇ ಸಾಕು. ‘ಚಿನ್ನದ ನಿಬ್ ಮೆತ್ತಗಿರುತ್ತದಂತೆ, ಅದಕ್ಕೆ ಅದೇ ಬೇಕು’ ಎಂದು ಬರೆದಿದ್ದೀಯಲ್ಲ, ಅದು ಅರ್ಧ ಸುಳ್ಳು. ಸೇಲರ್‌ನ 21 ಕ್ಯಾರೆಟ್ ನಿಬ್ಬಿನಲ್ಲಿ ಶೇಕಡಾ 87.5 ಚಿನ್ನವಿದೆ, ಆದರೂ ಅದು ನೆಟ್ಟಗೆ ನಿಲ್ಲುತ್ತದೆ. ಬಾಗುವುದು ಬಿಡುವುದು ನಿಬ್ಬಿನ ಆಕಾರ, ತಗಡಿನ ದಪ್ಪದ ಮೇಲಿದೆ. ಚಿನ್ನ ಬಂದದ್ದು ಮೊದಲಿಗೆ ಬೇರೆ ಕಾರಣಕ್ಕೆ: ಆಮ್ಲದಂಶವಿದ್ದ ಅಂದಿನ ಕಬ್ಬಿಣದ ಶಾಯಿ ಉಕ್ಕನ್ನು ತಿಂದುಹಾಕುತ್ತಿತ್ತು, ಚಿನ್ನವನ್ನು ಮುಟ್ಟುತ್ತಿರಲಿಲ್ಲ. ಕಾಗದಕ್ಕೆ ತಾಗುವ ತುದಿಯಂತೂ ಚಿನ್ನವೇ ಅಲ್ಲ, ಅಲ್ಲಿ ಬೆಸೆದಿರುವುದು ಗಡಸು ಮಿಶ್ರಲೋಹದ ಒಂದು ಕಣ. ನಿನ್ನ ಈಗಿನ ಒತ್ತಡಕ್ಕೆ ಚಿನ್ನದ ನಿಬ್ ಕೊಟ್ಟರೆ ಆರು ತಿಂಗಳಲ್ಲಿ ಅದರ ಎರಡು ಕಾಲುಗಳು ಎರಡು ದಿಕ್ಕಿಗೆ ಹೋಗುತ್ತವೆ.

ಲ್ಯಾಮಿ ಬಗ್ಗೆ ಕೇಳಿದ್ದೀಯ. ಅವರ ‘ಸಫಾರಿ’ 1980ರಲ್ಲಿ ಶಾಲೆಯ ಮಕ್ಕಳಿಗೆಂದು ಹುಟ್ಟಿದ್ದು. ಬೆರಳಿಡುವ ಕಡೆ ತ್ರಿಕೋನವಾಗಿ ಕೆತ್ತಿದೆ, ಪೆನ್ನು ಹೀಗೇ ಹಿಡಿ ಎಂದು ಮೇಷ್ಟರಂತೆ ಹೇಳುತ್ತದೆ. ಬೀಳಿಸಿದರೂ ಒಡೆಯದು, ನಿಬ್ಬನ್ನು ಕೈಯಲ್ಲೇ ಎಳೆದು ಬದಲಿಸಬಹುದು. ಅದನ್ನು ಮೆಚ್ಚುವವರ ಸಂಖ್ಯೆ ದೊಡ್ಡದು, ನಾನು ಅವರಲ್ಲಿಲ್ಲ, ಯಾಕೆಂದರೆ ನನ್ನ ಹಿಡಿತ ಸೊಟ್ಟ. ಅದೇ ಕಂಪನಿಯ 1966ರ ‘ಲ್ಯಾಮಿ 2000’ಕ್ಕೆ ಮಾತ್ರ ತಲೆಬಾಗುತ್ತೇನೆ. ಮೈ ಮ್ಯಾಕ್ರೊಲಾನ್ ಎಂಬ ಕಪ್ಪು ಗಟ್ಟಿ ಪ್ಲಾಸ್ಟಿಕ್, ಒಂದೇ ಒಂದು ಅಲಂಕಾರವಿಲ್ಲ. ಹಿಡಿದರೆ ಬಳಸಿ ಬಳಸಿ ಸವೆದ ಮರದ ಹಿಡಿಯ ಹಾಗೆ. ನಿಬ್ಬಿನ ಕೋನ ಸ್ವಲ್ಪ ತಿರುಗಿದರೆ ಮುನಿಸಿಕೊಳ್ಳುತ್ತದೆ, ಅದನ್ನೂ ಹೇಳಬೇಕು.

ಜರ್ಮನಿಯ ಪೆಲಿಕನ್ ಕಂಪನಿಯವರನ್ನು ದಾಹದವರು ಎನ್ನಬಹುದು. 1929ರಿಂದಲೂ ಅವರದು ಪಿಸ್ಟನ್. ಹಿಂದಿನ ಗುಂಡಿ ತಿರುಗಿಸಿದರೆ ಇಡೀ ಬ್ಯಾರೆಲ್ ಶಾಯಿ ಕುಡಿಯುತ್ತದೆ, ಒಂದು ಅಧ್ಯಾಯಕ್ಕೆ ಸಾಕು. ಹರಿವು ಧಾರಾಳ, ಗೆರೆ ಒದ್ದೆ. ಆ ಧಾರಾಳತನವೇ ಕನ್ನಡಕ್ಕೆ ತೊಡಕು, ನಿನ್ನ ಠಕಾರ ಅಲ್ಲೂ ಮುಳುಗುತ್ತದೆ. ತೈವಾನಿನ ಟ್ವಿಸ್‌ಬಿ ಅದೇ ಪಿಸ್ಟನ್ನನ್ನು ಪಾರದರ್ಶಕ ಮೈಯಲ್ಲಿಟ್ಟು, ಜೊತೆಗೆ ಒಂದು ಪುಟ್ಟ ಸ್ಪ್ಯಾನರ್ ಮತ್ತು ಸಿಲಿಕೋನ್ ಗ್ರೀಸ್ ಕೊಡುತ್ತದೆ. ಬಿಚ್ಚಿ ಜೋಡಿಸುವ ಚಪಲವಿರುವವರಿಗೆ ಅದು ಹಬ್ಬ. ನಿನಗೆ ಬೇಡ, ಕಥೆ ಬಿಟ್ಟು ಅದನ್ನೇ ಬಿಚ್ಚುತ್ತ ಕೂರುತ್ತೀಯ. ಮಾಂಟ್‌ಬ್ಲಾಂಕ್ 149 ಬಗ್ಗೆ ಹೊಟ್ಟೆಕಿಚ್ಚಿನ ಮಾತು ಬಹಳ ಕೇಳಿಬರುತ್ತವೆ, ಕ್ಯಾಪಿನ ಬಿಳಿ ನಕ್ಷತ್ರ ಜೇಬಿನಿಂದ ಕಾಣಲಿ ಎಂದೇ ಕೊಳ್ಳುತ್ತಾರೆ ಅಂತ. ಅಂಥವರೂ ಇದ್ದಾರೆ. ಆದರೆ ಆ ದಪ್ಪ ಮೈಯನ್ನು ಬೆರಳು ಬಿಗಿಯದೆ ಹಿಡಿಯಬಹುದು, ನಾಲ್ಕು ತಾಸು ಬರೆದರೂ ಹೆಬ್ಬೆರಳ ಬುಡ ನೋಯುವುದಿಲ್ಲ. ನಲವತ್ತು ದಾಟಿದ ಮೇಲೆ ಈ ಮಾತು ನಿನಗೆ ಅರ್ಥವಾಗುತ್ತದೆ.

ಶಾಯಿಯ ಬಗ್ಗೆ ಒಂದೇ ಎಚ್ಚರಿಕೆ. ನಿನ್ನ ವಯಸ್ಸಿನಲ್ಲಿ ನಾನು ಅಳಿಯದ ಕಪ್ಪು ಬೇಕೆಂದು, ಚಿತ್ರ ಬರೆಯುವ ಇಂಡಿಯನ್ ಇಂಕನ್ನು ಪೆನ್ನಿಗೆ ತುಂಬಿಸಿದೆ. ಅದರಲ್ಲಿ ಅರಗಿನಂಶ ಇರುತ್ತದೆ. ಮೂರು ದಿನದಲ್ಲಿ ಫೀಡಿನ ಸಣ್ಣ ಕಾಲುವೆಗಳೆಲ್ಲ ಕಟ್ಟಿಕೊಂಡು ಪೆನ್ನು ಕಲ್ಲಾಯಿತು. ತೊಳೆದೆ, ನೆನೆಸಿದೆ, ಬೈದೆ. ಕೊನೆಗೆ ಬಿಸಿನೀರು ಹಾಕಿ ಫೀಡನ್ನೂ ಸೊಟ್ಟ ಮಾಡಿದೆ. ಅದು ನನಗೆ ಉಡುಗೊರೆಯಾಗಿ ಬಂದ ಮೊದಲ ಪೆನ್ನು. ಈಗಲೂ ಖಾನೆಯಲ್ಲಿದೆ, ಹತ್ತೊಂಬತ್ತರಲ್ಲಿ ಅದೂ ಒಂದು.

ನಿನಗೆ ನಾನು ಹೇಳುವ ಪೆನ್ನು ಕೇಳಿದರೆ ಮುಖ ಗಂಟು ಹಾಕಿಕೊಳ್ಳುತ್ತೀಯ. ಪೈಲಟ್‌ನ ‘ಕಾಕುನೊ’, ಎಫ್ ನಿಬ್. ಮಕ್ಕಳಿಗಾಗಿ ಮಾಡಿದ್ದು. ನಿಬ್ಬಿನ ಮೇಲೆ ನಗುವ ಮುಖ ಕೊರೆದಿದೆ. ಆ ಮುಖ ನಿನ್ನ ಕಡೆ ನೋಡುತ್ತಿದ್ದರೆ ಪೆನ್ನು ಸರಿಯಾಗಿ ಹಿಡಿದಿದ್ದೀಯ ಎಂದರ್ಥ. ಉಕ್ಕಿನ ನಿಬ್, ನಿನ್ನ ಒತ್ತಡವನ್ನು ಒಂದಷ್ಟು ದಿನ ತಾಳಿಕೊಳ್ಳುತ್ತದೆ. ಗೆರೆ ತೆಳು, ಚುಕ್ಕಿ ಚುಕ್ಕಿಯಾಗಿಯೇ ಉಳಿಯುತ್ತದೆ. ಹಾಳೆಯ ಹಿಂಬದಿ ನುಣ್ಣಗಾದ ದಿನ ನನಗೆ ಬರೆ, ಸೇಲರ್ ಬಗ್ಗೆ ಆಗ ಮಾತಾಡೋಣ.

ಅಲ್ಲಿಯವರೆಗೆ ಒಂದು ವಿಷಯ ನನ್ನನ್ನು ಕಾಡುತ್ತಿದೆ. ನಿನ್ನ ಕಥೆಯಲ್ಲಿ ಆ ಮುದುಕ ಮಗನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಠಾಣೆಯ ಮೆಟ್ಟಿಲ ಮೇಲೆ ಕೂತಿದ್ದಾನೆ. ಒಳಗಿನಿಂದ ಯಾರೋ ಅವನ ಹೆಸರು ಕೂಗಿದರು, ಅಷ್ಟಕ್ಕೆ ಬಿಟ್ಟು ನೀನು ಪೆನ್ನು ಹುಡುಕಲು ಹೋದೆ. ಅವನು ಚಪ್ಪಲಿ ತಗೊಂಡು ಒಳಗೆ ಹೋದನೋ, ಮೆಟ್ಟಿಲ ಮೇಲೇ ಬಿಟ್ಟು ಹೋದನೋ? ಪೆನ್ಸಿಲಿನಲ್ಲಾದರೂ ಸರಿ, ಈ ವಾರ ಬರೆದು ಕಳಿಸು.

ವಿಶ್ವಾಸದಿಂದ,
ನಿನ್ನ ಹಿರಿಯ ಮಿತ್ರ