ಗೇಮ್ ಕಲಿಕೆ ಚೌಕಾಬಾರದಿಂದ ಶುರುವಾಗಲಿ

ಮಾನ್ಯರೇ,

ರಜೆ ಬಂತೆಂದರೆ 'ಮಕ್ಕಳಿಗೆ ಗೇಮ್ ಮಾಡಲು ಕಲಿಸುತ್ತೇವೆ' ಎಂಬ ಶಿಬಿರಗಳ ಜಾಹೀರಾತು ಶುರು. ಮೊದಲ ದಿನವೇ ಮಕ್ಕಳನ್ನು ಸಾಫ್ಟ್‌ವೇರ್ ಮುಂದೆ ಕೂರಿಸುವವರಿಗೆ ಒಂದು ಸಲಹೆ: ಮೊದಲೆರಡು ದಿನ ಚೌಕಾಬಾರಕ್ಕೆ ಬಿಟ್ಟುಕೊಡಿ.

ಒಂದು ರಟ್ಟು, ಪೆನ್ಸಿಲ್, ತಲೆಗೆ ನಾಲ್ಕು ಕಾಯಿ, ನಾಲ್ಕು ಕವಡೆ ಸಾಕು. ಕವಡೆ ಇಲ್ಲವೇ? ಹುಣಸೆ ಬೀಜದ ಒಂದು ಮಗ್ಗುಲನ್ನು ನೆಲಕ್ಕೆ ಉಜ್ಜಿ ಬಿಳಿ ಮಾಡಿದರಾಯಿತು. ಐದೈದು ಮನೆ ಗೀಚಿ ಒಂದಾಟ ಆಡಿಸಿ, ಹಿಡಿದ ಹೊತ್ತು ಬರೆದಿಡಿ. ಆಮೇಲೆ ಒಂದೇ ಒಂದು ನಿಯಮ ಬದಲಿಸಿ.

ಬೀಜದ ಬದಲು ಲೂಡೋ ದಾಳ ಹಾಕಿ ನೋಡಿ. ಬೀಜಗಳು ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತವೆ ಎಂದುಕೊಂಡರೆ, 16 ಗರದಲ್ಲಿ (ಎಸೆತದಲ್ಲಿ) 6 ಸಲ ಎರಡು. ಚೌಕ (ನಾಲ್ಕು), ಬಾರ (ಎಂಟು) ತಲಾ ಒಂದೇ ಸಲ. ಸರಾಸರಿ ಎರಡೂವರೆ. ದಾಳದ ಸರಾಸರಿ ಮೂರೂವರೆ. ನಡುಮನೆ ಸೇರಿ ಹಣ್ಣಾಗಲು ಕಾಯಿ 24 ಮನೆ ನಡೆಯಬೇಕಲ್ಲ, ಸುಮಾರು ಹತ್ತು ಗರ ಬೇಕಿದ್ದದ್ದು ಏಳಕ್ಕೆ ಇಳಿಯುತ್ತದೆ. ಆಟವೇನೋ ಚುರುಕಾಯಿತು, ಆದರೆ 'ಬಾರ, ಬಾರ' ಎಂಬ ಕೂಗು ಅಡಗುತ್ತದೆ. ಆರೂ ಅಂಕಿಗೆ ಸಮಪಾಲು ಸಿಕ್ಕಮೇಲೆ ಯಾವುದಕ್ಕೆಂದು ಹಂಬಲಿಸುವುದು? ಇನ್ನೊಮ್ಮೆ, 'ಎದುರಾಳಿಯ ಕಾಯಿ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ' ಎಂಬುದನ್ನು ತೆಗೆಯಿರಿ. ಒಬ್ಬರ ಗೊಡವೆಗೆ ಒಬ್ಬರು ಹೋಗದೆ ಕಟ್ಟೆಯಿಂದ ಕಟ್ಟೆಗೆ (ಕಾಯಿ ಕಡಿಯಲಾಗದ ಮನೆಗೆ) ಹಾರಿ ಮನೆ ಸೇರುತ್ತಾರೆ.

ಎರಡು ನಿಯಮ ಒಟ್ಟಿಗೆ ಬದಲಿಸಿದರೆ ಯಾವುದು ಕೆಡಿಸಿತೆಂದು ತಿಳಿಯದು. ರಟ್ಟಿಗೆ ಬಣ್ಣ ಹಚ್ಚಲು ಬಿಡಬೇಡಿ, ಆಮೇಲೆ ಹರಿಯಲು ಮನಸ್ಸು ಬಾರದು. ಆಡುವವರಿಗೆ ಆಟ ಕಟ್ಟಿದವರು ವಿವರಿಸುತ್ತ ಕೂರಬಾರದು (ಇದೇ ಎಲ್ಲಕ್ಕಿಂತ ಕಷ್ಟ). ಎಲ್ಲಿ ತಡವರಿಸಿದರು, ಎಲ್ಲಿ ಕಿಟಕಿಯಾಚೆ ನೋಡಿದರು, ಅಷ್ಟು ಗುರುತು ಹಾಕಿಕೊಂಡರೆ ಸಾಕು.

ಹೀಗೆ ಬೇಗ ಬೇಗ ಕಟ್ಟಿ ನೋಡುವುದು ದೊಡ್ಡವರಿಗೂ ಫಲ ಕೊಟ್ಟಿದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು 2005ರಲ್ಲಿ 'ಒಂದು ಆಟಕ್ಕೆ ಒಬ್ಬರೇ, ಏಳೇ ದಿನ' ಎಂದು ಕಟ್ಟು ಹಾಕಿಕೊಂಡು ಒಂದೇ ಸೆಮಿಸ್ಟರಿನಲ್ಲಿ 50ಕ್ಕೂ ಹೆಚ್ಚು ಆಟ ಮಾಡಿದರು. ಅವುಗಳಲ್ಲೊಂದಾದ 'ಟವರ್ ಆಫ್ ಗೂ' ಬೆಳೆದು 2008ರಲ್ಲಿ 'ವರ್ಲ್ಡ್ ಆಫ್ ಗೂ' ಎಂಬ ವಿಡಿಯೊ ಗೇಮ್ ಆಯಿತು.

ಪರದೆಯ ಮೇಲೆ ಪಾತ್ರ ನೆಗೆಯುವ ಹದ ಮಾತ್ರ ರಟ್ಟಿನ ಮೇಲೆ ಸಿಗದು. ಅದಕ್ಕೆ ಸ್ಕ್ರ್ಯಾಚ್ ಅಥವಾ ಗೊಡಾಟ್‌ನಂಥ ಗೇಮ್ ಕಟ್ಟುವ ಸಾಫ್ಟ್‌ವೇರ್ ಬೇಕು. ಅಲ್ಲೂ ಚಿತ್ರ, ಸಂಗೀತ ಬೇಡ, ಬೂದು ಚೌಕಗಳೇ ಇರಲಿ. ಏರುವಾಗ, ಇಳಿಯುವಾಗ ಗುರುತ್ವ ಒಂದೇ ಇದ್ದರೆ ಪಾತ್ರ ಬಲೂನಿನಂತೆ ತೇಲಿದ ಹಾಗೆ ಕಾಣುತ್ತದೆ; ಇಳಿಯುವಾಗ ಒಂದೂವರೆ ಪಟ್ಟು ಮಾಡಿ ನೋಡಿ. ಪಾತ್ರ ಚೌಕದ ಅಂಚು ದಾಟಿದ ಮೇಲೂ 0.1 ಸೆಕೆಂಡು ನೆಗೆಯಲು ಅವಕಾಶ ಕೊಟ್ಟರೆ, 'ಬಟನ್ ಒತ್ತಿದೆ, ಆದರೂ ನೆಗೀಲಿಲ್ಲ' ಎಂಬ ದೂರು ಬಹುಮಟ್ಟಿಗೆ ನಿಲ್ಲುತ್ತದೆ.

– ಆಟ ವಿನ್ಯಾಸದ ಶಿಕ್ಷಕರು, ಮೈಸೂರು