ಧ್ವಜಕ್ಕಿರುವ ರಕ್ಷಣೆ ಕಸೂತಿಗಿಲ್ಲ

ಮಾನ್ಯ ಸಂಪಾದಕರೇ,

ತ್ರಿವರ್ಣ ಧ್ವಜವನ್ನು ಸೊಂಟದ ಕೆಳಗಿನ ಉಡುಪಿನಲ್ಲಿ ಬಳಸುವುದನ್ನು, ಕರವಸ್ತ್ರ, ಒಳಉಡುಪುಗಳ ಮೇಲೆ ಮುದ್ರಿಸುವುದನ್ನು 2005ರ ಕಾನೂನು ತಿದ್ದುಪಡಿ ನಿಷೇಧಿಸಿದೆ. ಬುಡಕಟ್ಟುಗಳ ಚಿಹ್ನೆಗಳಿಗೆ ಇಂಥ ಕಾವಲು ವಿರಳ. ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರು, ತಮ್ಮ ಹೆಸರನ್ನು ಒಳಉಡುಪಿಗೂ (ಮದ್ಯದ ಫ್ಲಾಸ್ಕಿಗೂ ಸಹ!) ಅಂಟಿಸಿ ಮಾರಿದ ಅರ್ಬನ್ ಔಟ್‌ಫಿಟ್ಟರ್ಸ್ ಎಂಬ ಉಡುಪು ಕಂಪನಿಯ ವಿರುದ್ಧ 2012ರಲ್ಲಿ ಮೊಕದ್ದಮೆ ಹೂಡಿ, 2016ರಲ್ಲಿ ಆ ಕಂಪನಿಯನ್ನು ರಾಜಿಗೆ ತರಲು ಸಾಧ್ಯವಾದದ್ದು ಮುಖ್ಯವಾಗಿ ಆ ಹೆಸರಿನ ಟ್ರೇಡ್‌ಮಾರ್ಕ್ ಅವರ ಕೈಯಲ್ಲಿದ್ದುದರಿಂದ.

ನಮ್ಮ ಸಂಡೂರಿನ ಲಂಬಾಣಿ ಕಸೂತಿಗೆ, ಒಂದು ಪ್ರದೇಶದ ವಿಶಿಷ್ಟ ಉತ್ಪನ್ನಕ್ಕೆ ಸಿಗುವ ಭೌಗೋಳಿಕ ಸೂಚಕ (ಜಿಐ) ದೊರೆತಿದೆಯಾದರೂ, ಅದು ಕಾಯುವುದು ಹೆಸರನ್ನೇ ಹೊರತು ವಿನ್ಯಾಸವನ್ನಲ್ಲ. ಅದೇ ಕನ್ನಡಿ, ಕವಡೆಗಳ ಚಿತ್ತಾರವನ್ನು ಬೇರೆ ಹೆಸರಿನಲ್ಲಿ ಯಂತ್ರದಿಂದ ಮುದ್ರಿಸಿದರೆ ತಾಂಡಾದ ಹೆಣ್ಣುಮಕ್ಕಳಿಗೆ ಕೇಳುವ ದಾರಿಯೇ ಇಲ್ಲ. ಉಡುಪಿನ ಲೇಬಲ್‌ನಲ್ಲಿ ಚಿತ್ತಾರದ ಮೂಲ ಸಮುದಾಯವನ್ನು ನಮೂದಿಸುವುದನ್ನು ಸರ್ಕಾರ ಕಡ್ಡಾಯಗೊಳಿಸಲಿ.

– ಓದುಗ, ಬಳ್ಳಾರಿ